ಹೊಸಿಲಿಲ್ಲದ ಬಾಗಿಲು

ಗೋಪಾಲಮ್ಮ ಒಂದು ಕೈಯಲ್ಲಿ ಕಬ್ಬಿಣದ ಮೊಳೆ, ಇನ್ನೊಂದು ಕೈಯಲ್ಲಿ ಸುತ್ತಿಗೆ ಹಿಡಿದುಕೊಂಡು ತಲೆಬಾಗಿಲ ಬುಡದಲ್ಲಿ ಹೊಸಿಲು ಹುಡುಕುತ್ತಿದ್ದರು. ಹೊಸಿಲು ಇರಲಿಲ್ಲ. ಮನೆಯೊಳಗಿನ ನೆಲವೇ ಬಾಗಿಲು ದಾಟಿ ಹೊರಗೆ ಬಂದು, ಸಿಮೆಂಟಿನ ಇಳಿಜಾರಾಗಿ ಬೀದಿಗೆ ಸೇರಿತ್ತು. ಅವರ ಬೆನ್ನ ಹಿಂದೆ, ನಡುಮನೆಯಲ್ಲಿ, ಅತ್ತಿಗೆ ಮುನಿನಾರಾಯಣಮ್ಮ ಹೊಸ ಸೀರೆ ಹೊದ್ದು, ತಲೆಯ ಹತ್ತಿರ ದೀಪ ಇಟ್ಟುಕೊಂಡು, ಇದಕ್ಕೂ ತಮಗೂ ಏನೂ ಸಂಬಂಧವಿಲ್ಲ ಎನ್ನುವಂತೆ ಮಲಗಿದ್ದರು.

"ಅಲ್ಲ ಕಣೇ ರಾಣಿ, ಒಸ್ಲು ಎಲ್ಲೇ?"

"ತೆಗ್ಸಿ ಎರಡು ವರ್ಷ ಆಯ್ತಲ್ಲ ಗೋಪಾಲತ್ತೆ. ನಿಮಗೂ ಗೊತ್ತಲ್ವಾ" ಎಂದಳು ಸೊಸೆ ರಾಣಿ.

"ಗೊತ್ತು ಕಣಮ್ಮಿ. ಈಗ ಎಣ ಎತ್ತಿದ ಮೇಲೆ ಮೊಳೆ ಎಲ್ಲಿಗೆ ಒಡೀಲಿ? ನಿನ್ ತಲೆಗಾ?"

ಅವರ ಕಡೆ ಹಾಗೆ ಪದ್ಧತಿ. ಹೆಣ ಮನೆ ಬಿಟ್ಟ ಕೂಡಲೇ ಹೊಸಿಲಿಗೊಂದು ಮೊಳೆ ಹೊಡೆಯಬೇಕು. ಹೊಡೆದರೆ ಹೋದವರು ತಿರುಗಿ ಒಳಗೆ ಬರುವುದಿಲ್ಲ. ಹೆಸರಘಟ್ಟದ ಸುತ್ತಮುತ್ತ ಯಾರೇ ತೀರಿಹೋಗಲಿ, ಈ ಕೆಲಸಕ್ಕೆ ಗೋಪಾಲಮ್ಮನನ್ನೇ ಕರೆಯುತ್ತಿದ್ದರು. ಇಷ್ಟು ವರ್ಷದಲ್ಲಿ ಅವರ ಕೈಯ ಮೊಳೆ ಜಾಗವಿಲ್ಲದೆ ಉಳಿದದ್ದು ಇದೇ ಮೊದಲು.

ಪಕ್ಕದ ಮನೆಯ ಬೈರಮ್ಮ ಸಲಹೆ ಕೊಟ್ಟಳು. "ಸಿಮೆಂಟಿಗೇ ಹೊಡ್ದುಬಿಡಿ ಅಮ್ಮ."

"ಸಿಮೆಂಟಿಗೆ ಯಾವ್ ಜೀವ ಎದರ್ತದೆ? ಒಸ್ಲಿಲ್ದ ಮನೆ ಬಾಗ್ಲಿಲ್ದ ಗುಡಿ ಇದ್ದಂಗೆ. ಅದ್ಕೇ ಸಾವು ನೆಟ್ಟಗೆ ಒಳೀಕೆ ಬಂತು."

ಮುನಿನಾರಾಯಣಮ್ಮನಿಗೆ ಎಂಬತ್ತಕ್ಕೆ ಎರಡೇ ಕಮ್ಮಿ. ಆ ವಯಸ್ಸಿನವರ ಹತ್ತಿರ ಬರಲು ಸಾವು ಹೊಸಿಲಿನ ಅಪ್ಪಣೆ ಕಾಯುತ್ತಿತ್ತು ಎಂದು ನಂಬಲು ಗೋಪಾಲಮ್ಮನೇ ಆಗಬೇಕು. ಹಿಂದಿನ ರಾತ್ರಿ ಆಕೆ ಮುದ್ದೆ ತಿರುವಿ, ಸೊಪ್ಪಿನ ಸಾರಿನಲ್ಲಿ ಉಂಡು, ನಾಳೆಗೆಂದು ಬೇಸಿನ್ ತುಂಬ ಅವರೆಕಾಳು ನೆನೆಹಾಕಿ ಮಲಗಿದ್ದರು. ಬೆಳಿಗ್ಗೆ ಏಳಲಿಲ್ಲ. ಕಾಳು ಮಾತ್ರ ಚೆನ್ನಾಗಿ ನೆನೆದು ಉಬ್ಬಿತ್ತು.

ಮಗ ಬಾಲರಾಜ್ ಹಾರ ತೆಗೆದುಕೊಂಡು ಒಳಗೆ ಬಂದ. ಯಶವಂತಪುರದ ಈರುಳ್ಳಿ ಮಂಡಿಯಲ್ಲಿ ಕೆಲಸ ಮಾಡುವ ಅವನಿಗೆ ಸಾವಿರ ಜನರ ಗಲಾಟೆ ಸಂಭಾಳಿಸುವುದು ಗೊತ್ತು, ಸೋದರತ್ತೆ ಗೋಪಾಲಮ್ಮನ ಬಾಯಿಗೆ ಎದುರಾಡುವುದು ಗೊತ್ತಿಲ್ಲ.

"ತಿಥಿ ಒಂದು ಆಗ್ಲಿ ಅತ್ತೆ. ಆಮೇಲೆ ಹೊಸಿಲು ಹಾಕಿಸ್ತೀನಿ. ಅಡಿಗೆ ಕಟ್ಟೇನೂ ಮೊದಲಿನ ಹಾಗೆ ಎತ್ತರ ಮಾಡಿಸ್ತೀನಿ. ಅಮ್ಮ ಹಟ ಮಾಡ್ತಿದ್ರು ಅಂತ ಸುಮ್ನಿದ್ದೆ. ಬಂದೋರೆಲ್ಲ ನೋಡಿ ನಗೋದೇ ಆಯ್ತು."

ಹೂವು ಬಿಡಿಸುತ್ತಿದ್ದ ರಾಣಿಯ ಕೈ ನಿಂತಿತು. ಬೆಳಗಿನಿಂದ ಬಾರದೆ ಇದ್ದ ಅಳು ಆಗ ಬಂತು. ಅತ್ತೆ ಸತ್ತದ್ದಕ್ಕೆ ಸೊಸೆ ಕೊನೆಗೂ ಅತ್ತಳಲ್ಲ ಎಂದು ನಾಲ್ಕು ಜನ ಸಮಾಧಾನಪಟ್ಟುಕೊಂಡರು. ಅವಳು ಅಳುತ್ತಿದ್ದುದು ಅತ್ತೆಯ ಮನೆಯನ್ನೂ ಹೂಳಲು ಹೊರಟಿದ್ದಾರೆಂದು.

*

ಮುನಿನಾರಾಯಣಮ್ಮ ಎಡವಿ ಬಿದ್ದದ್ದು ಎರಡು ವರ್ಷದ ಹಿಂದೆ, ಒಂದು ಶುಕ್ರವಾರ, ಅದೇ ಹೊಸಿಲಿಗೆ ಅರಿಸಿನ ಬಳಿದು ಎದ್ದ ಮೇಲೆ. ತೊಡೆಯ ಮೂಳೆ ಮುರಿಯಿತು. ಆಸ್ಪತ್ರೆಯಿಂದ ವಾಕರ್ ಹಿಡಿದು ಮನೆಗೆ ಬಂದರು.

"ಸಾಕಮ್ಮ ನೀನು ಗೇಯ್ದಿದ್ದು. ಇನ್ಮೇಲೆ ಎಲ್ಲ ಕೂತಲ್ಲಿಗೇ ಬರುತ್ತೆ" ಎಂದ ಬಾಲರಾಜ್.

"ಕೂತಲ್ಲಿಗೆ ಬರೋದು ಸಾವೊಂದೇ ಕಣಪ್ಪ."

ವಾಕರಿನ ಕಾಲು ಪ್ರತಿ ಸಲವೂ ಹೊಸಿಲಿಗೆ ತಗುಲುತ್ತಿತ್ತು. ಎಳೆಬಿಸಿಲಿಗೆ ಹೋಗಬೇಕೆಂದರೆ ಯಾರನ್ನಾದರೂ ಕರೆಯಬೇಕು, ಅವರು ಬರುವ ತನಕ ಒಳಗೇ ನಿಂತು ಹೊರಗಿನ ಬಿಸಿಲನ್ನು ನೋಡಬೇಕು. ಮೂಳೆಯ ನೋವನ್ನು ಹೇಗೋ ಹಲ್ಲು ಕಚ್ಚಿ ಸಹಿಸಿದರು. ಕರೆದು ಕಾಯುವುದನ್ನು ಸಹಿಸಲಾಗಲಿಲ್ಲ. ಹೊಸಿಲು ದಾಟಿ ಈ ಮನೆಗೆ ಬಂದವರು, ತಮ್ಮ ಹೊಸಿಲನ್ನು ದಾಟಲು ಬೇರೆಯವರ ದಾರಿ ಕಾಯುವುದೇ?

ಮಗ ಮಂಡಿಗೆ ಹೋಗಿದ್ದ ಹೊತ್ತು ನೋಡಿ ಗಂಗಮ್ಮನ ಗುಡಿ ಕಡೆಯ ಬಡಗಿ ಮುದಸ್ಸಿರನಿಗೆ ಹೇಳಿಕಳಿಸಿದರು. ಅವನು ಹೊಸಿಲು ನೋಡಿ, ಆಕೆಯ ಮುಖ ನೋಡಿ, ಗರಗಸವನ್ನು ಮತ್ತೆ ಚೀಲಕ್ಕೆ ಹಾಕಿಕೊಂಡ.

"ನಾನು ಕುಯ್ಯಲ್ಲ ಅಮ್ಮ. ನಾಳೆ ಯಾರು ಕಿತ್ತಿದ್ದು ಅಂತ ನಿಮ್ಮೋರು ನನ್ನ ಹಿಡ್ಕೋತಾರೆ."

"ಇಡ್ಕಂಡ್ರೆ ನನ್ ತಾವ ಕಳ್ಸು. ಮನೆ ಒಡತಿ ನಾನು."

"ನಿಮಗೆ ದೇವರಲ್ವಾ ಅದು?"

"ದೇವರಾದ್ರೆ ನನ್ ಕಷ್ಟ ಗೊತ್ತಾಗ್ತದೆ ಬಿಡು."

ಕುರ್ಚಿ ಹಾಕಿಸಿಕೊಂಡು ಬಾಗಿಲ ಮುಂದೆ ಕುಳಿತರು. ಹೊಸಿಲಿಗೆ ಕೊನೆಯ ಸಲ ಅರಿಸಿನ, ಕುಂಕುಮ, ಎರಡು ಸೇವಂತಿಗೆ. ರಾಣಿ ಅಂದು ರಜೆಯಲ್ಲಿದ್ದಳು. ಊದುಬತ್ತಿ ಹಿಡಿದು ಪಕ್ಕದಲ್ಲಿ ನಿಂತಳು. ಅತ್ತೆ ಹೊಸಿಲಿನ ಜೊತೆ, ಬಾಕಿ ಇದ್ದ ಮಾತು ಮುಗಿಸುವವರಂತೆ ಮಾತಾಡಿದರು.

"ಇಷ್ಟು ವರ್ಷ ನಿನ್ನ ಪೂಜೆ ಮಾಡ್ದೆ. ನೀನು ನನ್ ಕಾಲು ಮುರ್ದೆ. ಬೇಜಾರಿಲ್ಲ, ನಿನ್ಗೂ ವಯಸ್ಸಾಯ್ತು. ದಾರೀಲಿ ಮಲ್ಗಿದ್ದು ಸಾಕು, ಎದ್ದು ಬಾ. ಬೇರೆ ಕೆಲ್ಸ ಐತೆ."

ಮುದಸ್ಸಿರ್ ಗರಗಸ ಹೊರತೆಗೆದು ಹೊಸಿಲನ್ನು ಕಿತ್ತ ಮೇಲೆ, ಬೇರೆ ಕೆಲಸ ಏನೆಂದು ಅವನಿಗೆ ಹೇಳಿದರು. ಅದು ಹಳೆಯ ಹೊನ್ನೆ ಮರ, ಕಲ್ಲಿನ ಹಾಗೆ ಗಟ್ಟಿ. ಅದನ್ನು ತುಂಡು ಮಾಡಿ, ಅಕ್ಕಪಕ್ಕ ಜೋಡಿಸಿ, ಕಾಲು ಕೊಟ್ಟು, ಅಡಿಗೆಮನೆಗೊಂದು ಸ್ಟೂಲು. ಹೊಸಿಲ ಮೇಲೆ ಕೂರಬಾರದು ಎಂದು ಬೀದಿಯ ಮಕ್ಕಳನ್ನೆಲ್ಲ ಗದರಿಸಿಕೊಂಡು ಬಂದಿದ್ದ ಹೆಂಗಸು ಅದರ ಮೇಲೆ ಕುಳಿತು, ಅತ್ತಿತ್ತ ಅಲ್ಲಾಡಿಸಿ ನೋಡಿ, "ಊಂ, ಗಟ್ಟಿ ಐತೆ" ಎಂದರು.

ಮಗನಿಗೆ ಮಾತ್ರ ಹೊಸಿಲಿಗೆ ಹುಳ ಹಿಡಿದಿತ್ತು, ನೀರೊಲೆಗೆ ಹಾಕಿದೆವು ಎಂದು ಹೇಳಿದರು. ಸುಳ್ಳು ಹೇಳುವಾಗ ಆಕೆಯ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ಬಾಗಿಲಾಚೆ ಹಾಕಿಸಿದ ಇಳಿಜಾರಿನ ಮೇಲೆ ಮಾರನೆಯ ದಿನವೇ ಮೆಣಸಿನಕಾಯಿ ಒಣಗಲು ಬಿತ್ತು. ಮಹಡಿ ಹತ್ತಲಾಗದ ಮೇಲೆ ಬಿಸಿಲನ್ನೇ ಮನೆ ಬಾಗಿಲಿಗೆ ಕರೆಸಿಕೊಂಡೆ ಎಂದು ಬೈರಮ್ಮನ ಹತ್ತಿರ ಜಂಬ ಕೊಚ್ಚಿದರು.

*

ತಮಟೆ ಶುರುವಾಯಿತು. ಗಂಡಸರು ಚಟ್ಟಕ್ಕೆ ಹೆಗಲು ಕೊಟ್ಟರು. ಹಿಂದಿನ ಸಾಲಿನಲ್ಲಿ ಮುದಸ್ಸಿರನೂ ಇದ್ದ. ಯಾವ ಮನೆಯಲ್ಲಾದರೂ ಚಟ್ಟ ಹೊತ್ತವರು ಬಾಗಿಲ ಹತ್ತಿರ ಒಮ್ಮೆ ತಡವರಿಸುತ್ತಾರೆ.

"ನಿಧಾನ, ಹೊಸಿಲು, ಹೊಸಿಲು" ಎಂದು ಯಾರೋ ಅಭ್ಯಾಸಬಲದಿಂದ ಕೂಗಿದರು. ಕೂಗಿದವರೇ ಕೆಳಗೆ ನೋಡಿ, ಎತ್ತಿದ ಕಾಲನ್ನು ಹಾಗೇ ಇಳಿಜಾರಿಗೆ ಇಟ್ಟರು.

ಚಟ್ಟ ಒಂದು ಚೂರೂ ಅಲುಗಲಿಲ್ಲ. ಮುನಿನಾರಾಯಣಮ್ಮ ತಾವು ಮಾಡಿಸಿದ ಇಳಿಜಾರಿನಲ್ಲಿ ಸಲೀಸಾಗಿ ಇಳಿದು ಬೀದಿಗೆ ಹೋದರು. ನೋಡುತ್ತ ನಿಂತ ರಾಣಿಗೆ ದುಃಖದ ನಡುವೆಯೂ ಹೆಮ್ಮೆಯಾಯಿತು.

ಗೋಪಾಲಮ್ಮ ಬಾಗಿಲಲ್ಲೇ ಉಳಿದರು. ತಮಟೆಯ ಸದ್ದು ಬೀದಿಯ ತಿರುವು ದಾಟುತ್ತಿದ್ದಂತೆ ಅವರ ಚಡಪಡಿಕೆ ಹೆಚ್ಚಿತು.

"ಆ ಮರ ಏನಾಯ್ತೇ? ಒಂದು ತುಂಡಾದ್ರೂ ಇದ್ರೆ ತಾ. ಬಾಗ್ಲಿಗೆ ಅಡ್ಡ ಇಟ್ಟು ಒಡೀತೀನಿ. ಇಲ್ದಿದ್ರೆ ಅತ್ತಿಗೆ ವಾಪಸ್ ಬತ್ತಾಳೆ."

"ಬಂದ್ರೆ ಬರ್ಲಿ ಬಿಡಿ ಗೋಪಾಲತ್ತೆ. ಅವ್ರ ಮನೆ."

ಗೋಪಾಲಮ್ಮ ಮೊಳೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. "ಒಸ್ಲು ಆಕ್ಸಿದ ದಿನ ಬಂದು ಒಡೀತೀನಿ. ಎಲ್ಲಿಗೋಯ್ತದೆ."

*

ಹೊಸಿಲು ತೆಗೆಸಿದ ಮೇಲೆ ಅತ್ತೆ ಅಡಿಗೆ ಕಟ್ಟೆಯನ್ನೂ ತಗ್ಗಿಸಿದಾಗ ಜಗಳ ಆಡಿದ್ದು ರಾಣಿಯೇ. ಪೀಣ್ಯದ ಗಾರ್ಮೆಂಟ್ಸಿನಲ್ಲಿ ಅವಳದು ಚೆಕಿಂಗ್ ಕೆಲಸ. ದಿನವಿಡೀ ಮೇಜಿನ ಮುಂದೆ ನಿಂತು ಅಂಗಿಗಳ ಹೊಲಿಗೆ ನೋಡಬೇಕು. ಒಂದು ಸಂಜೆ ಮನೆಗೆ ಬಂದರೆ ಕಟ್ಟೆಯ ಅರ್ಧ ಭಾಗ ಇಲ್ಲ. ಗ್ಯಾಸ್ ಒಲೆ ತೊಡೆಯ ಎತ್ತರಕ್ಕೆ ಇಳಿದು ಕುಳಿತಿತ್ತು. ರಾಗಿ ಡಬ್ಬ, ಉಪ್ಪು, ಸಾಸಿವೆ ಎಲ್ಲ ಮೇಲಿನ ಶೆಲ್ಫಿನಿಂದ ಇಳಿದು ಕೂತವರ ಕೈಗೆ ಸಿಗುವಂತೆ ಸಾಲಾಗಿದ್ದವು.

"ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ಅತ್ತೆ?"

"ಕೇಳಿದ್ರೆ ಬ್ಯಾಡ ಅಂತಿದ್ದೆ."

"ಕೆಲ್ಸ ಮಾಡ್ಬೇಡಿ ಅಂತ ತಾನೆ ನಾವು ಹೇಳ್ತಿರೋದು?"

"ಅದ್ಕೇ ಕೇಳ್ಲಿಲ್ಲ."

ವಾರಗಟ್ಟಲೆ ಮಾತಿಲ್ಲ. ಮುದುಕಿಗೆ ಅದರ ಚಿಂತೆಯೂ ಇಲ್ಲ. ಫ್ಯಾಕ್ಟರಿಯ ಸೈರನ್ ಆದ ಕೂಡಲೇ ಒಗ್ಗರಣೆಗೆ ಎಣ್ಣೆ ಇಡುವರು. ಸಾಸಿವೆ ಸಿಡಿದರೆ ಹುಡುಗಿಯ ಹಾಗೆ ಮುಖ ಹಿಂದೆ ಎಳೆದುಕೊಂಡು ನಗುವರು. ಹಿಡಿದು ನಡೆಯಲೆಂದು ಮಗ ತಂದ ಸ್ಟೀಲ್ ಸರಳು ಕಂಡರೆ ಆಸ್ಪತ್ರೆ ನೆನಪಾಗುತ್ತದೆಂದು ವಾಪಸ್ ಕಳಿಸಿ, ಹಳೆ ಸೀರೆಗಳನ್ನು ಜಡೆಯಂತೆ ಹೆಣೆದು, ಮಂಚದಿಂದ ಬಚ್ಚಲಿಗೆ, ಬಚ್ಚಲಿಂದ ಒಲೆಗೆ ಗೋಡೆಯುದ್ದಕ್ಕೂ ಹಿಡಿಹಗ್ಗ ಕಟ್ಟಿಸಿದರು. ಮದುವೆಯಲ್ಲಿ ಉಟ್ಟ ಸೀರೆಯೂ ಅದರಲ್ಲಿತ್ತು. ಪೆಟ್ಟಿಗೆಯಲ್ಲಿ ಕೊಳೆಯುವ ಬದಲು ನನ್ನ ಕೈ ಹಿಡಿಯಲಿ ಎಂದರು.

ಆಮೇಲೊಂದು ದಿನ ರಾಣಿ ಎರಡು ಪಾಳಿ ಮುಗಿಸಿ ಬಂದಳು. ಕಾಲು ಬಾತು ಚಪ್ಪಲಿಯ ಪಟ್ಟಿ ಒತ್ತಿದ ಗುರುತು ಹಾಗೇ ಇತ್ತು. ಚಪ್ಪಲಿ ಕಳಚಿ ನೇರ ಅಡಿಗೆಮನೆಗೆ ಹೋಗಿ ನಿಂತಳು, ಅಭ್ಯಾಸ. ಅತ್ತೆ ಸ್ಟೂಲಿನಿಂದ ಎದ್ದು ವಾಕರ್ ಹಿಡಿದುಕೊಂಡರು.

"ಕೂತ್ಕ."

"ಬೇಡ ಅತ್ತೆ. ಅಡಿಗೆಮನೇಲಿ ಕೂತ್ರೆ ಸೋಮಾರಿ ಅಂತಾರೆ."

"ಅನ್ನೋರು ಬಂದು ನಿಂತ್ಕಂಡು ಬೇಯಿಸ್ಲಿ. ಕೂತ್ಕ ಅಂದೆ."

ರಾಣಿ ಕುಳಿತಳು. ಮುದ್ದೆಗೆ ಎಸರು ಕುದಿಯುತ್ತಿತ್ತು. ಹಿಟ್ಟು ಸುರಿದು, ಬೇಯಿಸಿ, ಮುದ್ದೆಕೋಲು ಹಿಡಿದು ತಿರುವಿದಾಗ ಅವಳಿಗೆ ಗೊತ್ತಾಯಿತು. ಕುಳಿತರೆ ಮೈಯ ಭಾರವೆಲ್ಲ ತೋಳಿಗೆ ಬರುತ್ತದೆ, ಹಿಟ್ಟಿನ ಗಂಟು ತಾನಾಗಿ ಒಡೆಯುತ್ತದೆ, ಸೊಂಟ ಸುಮ್ಮನಿರುತ್ತದೆ. ಮದುವೆಯಾಗಿ ಬಂದಾಗಿನಿಂದ ಈ ಅಡಿಗೆಮನೆಯಲ್ಲಿ ಅವಳು ಕುಳಿತದ್ದು ಅದೇ ಮೊದಲು. ಇದಕ್ಕಾಗಿ ಮುದುಕಿಯಾಗುವ ತನಕ ಯಾಕೆ ಕಾಯಬೇಕಿತ್ತು ಎಂದು ಅತ್ತೆಯ ಮೇಲೆ, ತನ್ನ ಮೇಲೆ, ಎತ್ತರದ ಕಟ್ಟೆಗಳ ಮೇಲೆ ಒಟ್ಟಿಗೇ ಸಿಟ್ಟು ಬಂತು.

ಮಾರನೆಯ ದಿನ ತನ್ನದೊಂದು ಸೀರೆಯನ್ನು ತಂದು ಹಿಡಿಹಗ್ಗಕ್ಕೆ ಸೇರಿಸಿ ಹೆಣೆದಳು.

*

ಮಣ್ಣು ಮುಗಿಸಿ ಬಂದ ಗಂಡಸರು ಸ್ನಾನ ಮಾಡಿ, ದೀಪ ನೋಡಿ, ನಡುಮನೆಯಲ್ಲಿ ಕುಳಿತರು. ಬೈರಮ್ಮನ ಮನೆಯಿಂದ ಅನ್ನ, ಸಾರು ಬಂದಿತ್ತು. ಬಾಲರಾಜ್ ತಲೆ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದ ಮುದಸ್ಸಿರನನ್ನು ಕರೆದ.

"ಮುದಸ್ಸಿರಣ್ಣ, ತಿಥಿ ಆದ್ಮೇಲೆ ಬಂದು ಒಂದು ಹೊಸಿಲು ಕೂರಿಸ್ಕೊಡು. ಆ ಕಟ್ಟೇನೂ ಎತ್ತರ ಮಾಡ್ಸಬೇಕು."

ಮುದಸ್ಸಿರ್ ಅಡಿಗೆಮನೆಯ ಕಡೆ ನೋಡಿದ. "ಮನೆಯವರನ್ನ ಒಂದ್ ಮಾತು ಕೇಳಿ ಬಾಲಣ್ಣ" ಎಂದ.

ರಾಣಿ ಅಡಿಗೆಮನೆಯ ಬಾಗಿಲಿಗೆ ಬಂದಳು. ಅಳು ಮುಗಿದಿತ್ತು.

"ಹೊಸಿಲು ಬೇಡ ರೀ. ಕಟ್ಟೇನೂ ಹಾಗೇ ಇರುತ್ತೆ."

"ಅಮ್ಮನೇ ಇಲ್ವಲ್ಲೇ. ಇನ್ನು ಯಾರಿಗೆ ಅದು?"

"ನನಗೆ. ನಂಗೂ ವಯಸ್ಸಾಗುತ್ತೆ. ನಿಮಗೂ ಆಗುತ್ತೆ. ಬಿದ್ದು ಮೂಳೆ ಮುರ್ಕೊಂಡ್ಮೇಲೆ ಹೊಸಿಲು ತೆಗೀಬೇಕು ಅಂತ ಎಲ್ಲಿದೆ?"

"ಜನ ಏನಂತಾರೆ ಗೊತ್ತಾ?"

"ಅನ್ನೋರು ಬಂದು ನಿಂತ್ಕೊಂಡು ಬೇಯಿಸ್ಲಿ. ಎತ್ತರದ ಕಟ್ಟೆ ಬೇಕಿದ್ರೆ ನಾಳೆಯಿಂದ ಮುದ್ದೆ ನೀವು ತಿರುವಿ."

ಆ ಮಾತಿನ ದನಿ ಬಾಲರಾಜನಿಗೆ ಚೆನ್ನಾಗಿ ಪರಿಚಯವಿತ್ತು. ಆಗಷ್ಟೇ ಅದನ್ನು ಮಣ್ಣು ಮಾಡಿ ಬಂದಿದ್ದೇನೆಂದು ಅವನು ತಿಳಿದಿದ್ದ. ಟವೆಲ್ ಮುಖಕ್ಕೆ ಒತ್ತಿಕೊಂಡ.

ಅವನ ಪರವಾಗಿ ಗೋಪಾಲಮ್ಮ ಮಾತಾಡಬೇಕಿತ್ತು. ರಾಣಿ ತಿರುಗಿ ನೋಡಿದಳು. ಬೆಳಗಿನಿಂದ ಮಂಡಿನೋವಿನಲ್ಲಿ ನಿಂತೇ ಇದ್ದ ಗೋಪಾಲಮ್ಮ ನೀರಿಗೆಂದು ಅಡಿಗೆಮನೆಗೆ ಬಂದವರು, ತಗ್ಗಿದ ಕಟ್ಟೆಯ ಮುಂದಿನ ಸ್ಟೂಲಿನ ಮೇಲೆ ಕುಳಿತುಬಿಟ್ಟಿದ್ದರು. ಕಾಲು ಚಾಚಿ, ಕಣ್ಣು ಅರೆಮುಚ್ಚಿ, ಉಸ್ಸಪ್ಪ ಎಂದಿದ್ದರು. ಅತ್ತಿಗೆ ನೆನೆಹಾಕಿದ್ದ ಅವರೆಕಾಳಿನ ಬೇಸಿನ್ ಎದುರಿಗೇ ಇತ್ತು. ಅವರೆ ಹಿತುಕಿಯೇ ಬೆಳೆದ ಕೈ, ಸುಮ್ಮನಿರಲಿಲ್ಲ. ಒಂದೊಂದೇ ಕಾಳು ಹಿತುಕಿ ಬೇಳೆಯನ್ನು ತಟ್ಟೆಗೆ ಹಾರಿಸುತ್ತಿತ್ತು.

"ಯಾವ್ ಮರಾನೇ ಇದು? ಕೂತ್ರೆ ಏಳಾಕೇ ಮನ್ಸಾಗಲ್ಲ."

"ಹೊನ್ನೆ" ಎಂದಳು ರಾಣಿ. "ಬೆಳಿಗ್ಗೆಯಿಂದ ನೀವು ಹುಡುಕ್ತಿದೀರಲ್ಲ ಗೋಪಾಲತ್ತೆ, ಅದೇ ಹೊಸಿಲು."

ಗೋಪಾಲಮ್ಮನ ಬೆರಳಲ್ಲಿ ಅವರೆಕಾಳು ನಿಂತಿತು. ಏಳಬೇಕೆಂದು ಎರಡು ಕೈಯನ್ನೂ ಕಟ್ಟೆಗೆ ಊರಿದರು. ಮಂಡಿ ಒಪ್ಪಲಿಲ್ಲ. ಇನ್ನೊಮ್ಮೆ ಊರಿದರು. ಆಮೇಲೆ ಕೈಬಿಟ್ಟು, ತಾವು ಕುಳಿತದ್ದನ್ನು ಬಗ್ಗಿ ನೋಡಿ, ಅಂಗೈಯಿಂದ ಮರದ ಅಂಚನ್ನು ಸವರಿದರು. ಎಲ್ಲೋ ಒಂದು ಸಂದಿನಲ್ಲಿ ಹಳೆಯ ಅರಿಸಿನ ಇನ್ನೂ ಉಳಿದಿತ್ತು.

"ಇದ್ರ ಮ್ಯಾಲೆ ಕೂತ್ಕಂತಿದ್ಲಾ ಅತ್ತಿಗೆ?"

"ದಿನಾ."

"ಮುಂಡೇದು" ಎಂದರು ಗೋಪಾಲಮ್ಮ. ಬೆಳಗಿನಿಂದ ಶಾಸ್ತ್ರದ ಗಡಿಬಿಡಿಯಲ್ಲಿ ಅತ್ತಿಗೆಗಾಗಿ ಅಳುವುದನ್ನೇ ಮರೆತಿದ್ದರು. ಈಗ ಹೊಸಿಲ ಮೇಲೆ ಕುಳಿತು ಜೋರಾಗಿ ಅತ್ತರು.

ರಾಣಿ ಅವರ ಮುಂದೆ ಕೈ ಚಾಚಿದಳು. "ಮೊಳೆ ಕೊಡಿ."

ಗೋಪಾಲಮ್ಮ ಸೆರಗಿನ ಗಂಟು ಬಿಚ್ಚಿ ಮೊಳೆ ಕೊಟ್ಟರು. ರಾಣಿ ಸುತ್ತಿಗೆ ತೆಗೆದುಕೊಂಡು, ಒಲೆಯ ಪಕ್ಕದ ಗೋಡೆಗೆ ಮೊಳೆಯ ತುದಿ ಒತ್ತಿ, ನಿಂತ ಅಳತೆಗೆ ತನ್ನ ಎದೆಯ ಮಟ್ಟಕ್ಕೆ ಹಿಡಿದಳು.

ಗೋಪಾಲಮ್ಮ ಕಣ್ಣು ಒರೆಸಿಕೊಂಡು ಸ್ಟೂಲಿನ ಮೇಲಿಂದಲೇ ಕೈ ಎತ್ತಿ ಅಳೆದು ನೋಡಿದರು.

"ಅಷ್ಟು ಮೇಲೆ ಬ್ಯಾಡ ಕಣಮ್ಮಿ. ಇನ್ನೂ ಕೆಳೀಕೆ ಒಡಿ. ಕೂತಿರೋರಿಗೆ ಸಿಗ್ಬೇಕು."

ರಾಣಿ ಬಗ್ಗಿ ಹೊಡೆದಳು. ಸುತ್ತಿಗೆಯ ಸದ್ದಿಗೆ ನಡುಮನೆಯ ಗಂಡಸರೆಲ್ಲ ತಿರುಗಿ ನೋಡಿದರು. ಅತ್ತೆಯ ಮುದ್ದೆಕೋಲನ್ನು ದಾರ ಕಟ್ಟಿ ಆ ಮೊಳೆಗೆ ತೂಗುಹಾಕಿದಳು. ಅದು ಗೋಪಾಲಮ್ಮನ ಭುಜದ ಪಕ್ಕದಲ್ಲಿ ಸ್ವಲ್ಪ ಹೊತ್ತು ತೂಗಿ ನಿಂತಿತು.