ಎಂಜಿನ್ನಿಗೆ ಓದಿದ ಫಾತಿಹಾ

ಈಜಿಪ್ಟಿನ ನಮ್ಮ ರಶೀದ್ ಊರಿನಲ್ಲಿ ಮಿತ್ವಲ್ಲಿಯ ಕಾರಿನ ಸದ್ದು ಕೇಳದವರಿರಲಿಲ್ಲ. ನಮ್ಮಪ್ಪನ ಕಾಲದ ಕಾರು ಅದು. ಮನೆಯಿಂದ ಹೊರಡುವಾಗ ಸಾಧುವಾಗಿಯೇ ಇರುತ್ತಿತ್ತು. ನದಿಯ ದಂಡೆಯಲ್ಲಿ ಉಪ್ಪುಮೀನು ಮಾರುವ ವಿಧವೆ ನಜಫಾಳ ಅಂಗಡಿ ಮುಂದೆ ಬಂದದ್ದೇ ತಡ, ಕಾಲು ತೆಗೆದರೂ ಆಕ್ಸಿಲರೇಟರ್ ಮೇಲೇಳದೆ, ಹೋರಿಯಂತೆ ಗುಟುರು ಹಾಕುತ್ತಿತ್ತು. ದಿನವೂ ಅದೇ ಜಾಗ. ಊರು ಏನು ಅಂದುಕೊಳ್ಳಬೇಕೋ ಅದನ್ನೇ ಅಂದುಕೊಂಡಿತು.

ಸುಳ್ಳೂ ಅಲ್ಲ. ಹೆಂಡತಿ ತೀರಿಕೊಂಡ ಎಷ್ಟೋ ವರ್ಷಕ್ಕೆ ಮಿತ್ವಲ್ಲಿಯ ಮನಸ್ಸು ನಜಫಾಳ ಕಡೆ ತಿರುಗಿತ್ತು. ಕೇಳುವ ಧೈರ್ಯವಿರಲಿಲ್ಲ. ಅಷ್ಟರಲ್ಲಿ ಅವಳ ಅಣ್ಣ ಶಲಬಿ, ಇನ್ನೊಂದು ಸಲ ಗುಟುರು ಕೇಳಿಸಿದರೆ ಕಾರನ್ನು ನೈಲ್ ನದಿಗೆ ತಳ್ಳುತ್ತೇನೆಂದು ಹೇಳಿಕಳಿಸಿದ.

"ಉಸ್ತಾ, ಹೇಗಾದ್ರೂ ಮಾಡಿ ಇದನ್ನ ಸುಮ್ನಾಗ್ಸು," ಎಂದು ಮಿತ್ವಲ್ಲಿ ನನ್ನ ರಿಪೇರಿ ಶೆಡ್ಡಿಗೆ ಬಂದ; ನಮ್ಮಲ್ಲಿ ಮೆಕ್ಯಾನಿಕ್ಕನನ್ನು ಕರೆಯುವುದೇ ಉಸ್ತಾ ಎಂದು. "ಇಲ್ದಿದ್ರೆ ಆ ಮನೆಗೆ ನಾನು ಹೆಣ್ಣು ಕೇಳೋಕೆ ಹೋಗೋ ಹಾಗೇ ಇಲ್ಲ."

"ಕಾರು ದಿನಾ ಕೇಳ್ತಾ ಇದೆಯಲ್ಲ ಮಾರಾಯ," ಎಂದೆ.

ಬಾನೆಟ್ ಎತ್ತಿದೆ. ಒಳಗೆ ಜಿನ್ನೂ ಇರಲಿಲ್ಲ, ಪ್ರೇಮವೂ ಇರಲಿಲ್ಲ. ಎಂಜಿನ್ನಿಗೂ ಹೊಗೆಕೊಳವೆಗೂ ನಡುವಿನ ಗ್ಯಾಸ್ಕೆಟ್ ಸುಟ್ಟು, ಬಿಸಿ ಹೊಗೆ ಸೋರಿ, ಆಕ್ಸಿಲರೇಟರಿನಿಂದ ಬಂದು ಕಾರ್ಬ್ಯುರೇಟರನ್ನು ಆಡಿಸುವ ಸರಳಿಗೆ ಬಡಿಯುತ್ತಿತ್ತು. ಸರಳು ಕಾದು ಹಿಗ್ಗಿ ಸಿಕ್ಕಿಕೊಳ್ಳಲು ಎಷ್ಟು ದೂರ ಬೇಕೋ ಅಷ್ಟೇ ದೂರದಲ್ಲಿ ನಜಫಾಳ ಅಂಗಡಿ ಇತ್ತು. ಆ ದೂರವನ್ನು ಅಳೆದಿಟ್ಟವನ ಲೆಕ್ಕ ಕೇಳುವುದು ನನ್ನ ಕೆಲಸವಲ್ಲ. ಹೊಸ ಗ್ಯಾಸ್ಕೆಟ್ ಹಾಕಿದೆ, ಸರಳನ್ನು ಉಜ್ಜಿ ಎಣ್ಣೆ ಬಿಟ್ಟೆ.

ಬಿಚ್ಚಿ ಕಟ್ಟಿದ ಎಂಜಿನ್ನನ್ನು ಕುರಾನಿನ ಮೊದಲ ಅಧ್ಯಾಯವಾದ ಫಾತಿಹಾ ಓದದೆ ನಾನು ಚಾಲೂ ಮಾಡುವವನಲ್ಲ. ಇಬ್ಬರೂ ಅಂಗೈ ಮೇಲೆತ್ತಿ ಓದುತ್ತಿದ್ದೆವು. ಆಗಲೇ ಶಲಬಿ ತನ್ನ ಚಿಕ್ಕಪ್ಪನ ಮಗ ಬದಾವಿಯನ್ನು ಕರೆದುಕೊಂಡು ಕೆಂಡದಂತೆ ಒಳನುಗ್ಗಿದ. ಎತ್ತಿದ ಕೈಗಳನ್ನು ಕಂಡು ತನ್ನ ಕೈ ಇಳಿಬಿಟ್ಟು ನಿಲ್ಲುವವನು ನಮ್ಮ ಊರಲ್ಲಿ ಯಾರು? ಅವರೂ ಕೈಯೆತ್ತಿದರು, ಓದಿದರು, ಆಮೀನ್ ಎಂದು ಮುಖ ಸವರಿಕೊಂಡರು.

ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ಕೂಡಿ ಫಾತಿಹಾ ಓದಿದರೆ ನಮ್ಮಲ್ಲಿ ಮದುವೆ ಗೊತ್ತಾದ ಹಾಗೆ. ಎದುರಿನ ಚಹಾದಂಗಡಿಯವನು, "ಮುಬಾರಕ್! ನಜಫಾಗೆ ನಿಶ್ಚಯ ಆಯ್ತು!" ಎಂದು ಕೂಗಿದ. ಮಹಡಿಗಳಿಂದ ಹೆಂಗಸರ ಉಲುಲು ಎಂಬ ಹರ್ಷದ ಕೂಗು ಸುರಿಯಿತು.

"ನಾನು ಬೈಯೋಕೆ ಬಂದಿದ್ದು ಕಣ್ರೋ!" ಎಂದ ಶಲಬಿ.

"ಓದಿಬಿಟ್ರಲ್ಲ ಅಣ್ಣ," ಎಂದೆ.

"ಯಾತಕ್ಕೆ ಅಂತ ಯಾರಿಗ್ಗೊತ್ತು?"

"ಕಾರ್ಬ್ಯುರೇಟರಿಗೆ."

ಬದಾವಿ ಗಂಭೀರನಾದ. "ಹಾಗಾದ್ರೆ ತಂಗೀನ ಕಾರ್ಬ್ಯುರೇಟರಿಗೆ ಕೊಟ್ಟಂಗಾಯ್ತಾ?"

ಓದಿದ್ದನ್ನು ವಾಪಸು ಪಡೆಯಬಹುದೇ, ಸಂಕಲ್ಪವಿಲ್ಲದ ಫಾತಿಹಾ ಯಾರಿಗೆ ಸಲ್ಲುತ್ತದೆ ಎಂದು ಬೀದಿಯೇ ವಾದಕ್ಕಿಳಿದಿತ್ತು. ಅಷ್ಟರಲ್ಲಿ ನಜಫಾ ಬಂದಳು. ಮೊಣಕೈಯವರೆಗೆ ಮೀನಿನ ಉಪ್ಪು. ಯಾರನ್ನೂ ಮಾತಾಡಿಸದೆ ಕಾರಿನ ಹತ್ತಿರ ನಿಂತಳು.

"ಚಾಲೂ ಮಾಡಿ," ಎಂದಳು ಮಿತ್ವಲ್ಲಿಗೆ.

ಎಂಜಿನ್ ನಿದ್ದೆಹೋದ ಬೆಕ್ಕಿನಂತೆ ಗುರುಗುಟ್ಟಿತು.

"ಕೂಗೋದೇ ಇಲ್ವಾ ಇನ್ಮೇಲೆ?"

"ಇಲ್ಲ."

"ಹಾಗಾದ್ರೆ ನೀವೇ ಹೇಳ್ಬೇಕಾಗುತ್ತೆ."

ಮಿತ್ವಲ್ಲಿ ನನ್ನನ್ನು ನೋಡಿದ, ಕಾರ್ಬ್ಯುರೇಟರನ್ನು ನೋಡಿದ. ಇಬ್ಬರಿಂದಲೂ ಸಹಾಯ ಬರಲಿಲ್ಲ. "ನಜಫಾ... ನಿಮ್ಮ ಅಂಗಡಿ ಮುಂದೆ ದಿನಾ ಬರ್ತಿದ್ದದ್ದು ಕಾರಲ್ಲ. ನಾನು. ನೀವು ಒಪ್ಪಿದ್ರೆ..."

ನಜಫಾ ನಿಲುವಂಗಿಗೆ ಕೈ ಒರೆಸಿಕೊಂಡಳು. "ಅಣ್ಣ, ಆಗ ಓದಿದ್ದು ಕಾರಿಗಿರ್ಲಿ. ನನಗೆ ಬೇರೆ ಓದಿ."

ಮಿತ್ವಲ್ಲಿ ಎಂಜಿನ್ ಆರಿಸಿದ. ಬೀದಿಯೆಲ್ಲ ಅಂಗೈ ಎತ್ತಿತು.

"ಈಗ ಯಾರಿಗೆ?" ಎಂದು ಬದಾವಿ ಕೇಳಿದ.

"ಬಾಯ್ಮುಚ್ಕೊಂಡು ಓದೋ," ಎಂದ ಶಲಬಿ.