ಚೀಟಿ ಕಿತ್ತ ರೆಕಾರ್ಡು

ನನ್ನ ಮನೆಯ ನೆಲಮಾಳಿಗೆಯಲ್ಲಿ ಮುನ್ನೂರು ಚಿಲ್ಲರೆ ರೆಕಾರ್ಡುಗಳಿವೆ, ಒಂದರ ಮೇಲೂ ಹೆಸರಿಲ್ಲ. ಕಿತ್ತು ಹಾಕಿದವನು ನಾನೇ. ಶಿಕಾಗೋದ ದಕ್ಷಿಣ ಭಾಗದಲ್ಲಿ ಆಗ ಹೌಸ್ ಅನ್ನುವ ಚುರುಕು ಕುಣಿತದ ಸಂಗೀತ ಹಾಕುತ್ತಿದ್ದ ನಮ್ಮಂಥ ಡಿಜೆಗಳದ್ದು ಇದೇ ಕಸುಬು. ಒಳ್ಳೇ ರೆಕಾರ್ಡು ಕೈಗೆ ಸಿಕ್ಕಿತೋ, ಬಚ್ಚಲ ತೊಟ್ಟಿಯಲ್ಲಿ ನೆನೆಹಾಕಿ ನಡುವಿನ ಚೀಟಿಯನ್ನು ಕೆರೆದು ತೆಗೆಯುವುದು. ಇಲ್ಲದಿದ್ದರೆ ಬೇರೆ ಕ್ಲಬ್ಬಿನ ಕಳ್ಳರು ಹೆಗಲ ಮೇಲಿಂದ ಇಣುಕಿ ಹೆಸರು ಓದಿಕೊಂಡು, ಮಾರನೇ ದಿನವೇ ಅಂಗಡಿಗೆ ಓಡುತ್ತಿದ್ದರು. ಯಾವುದು ಏನು ಅಂತ ನನ್ನ ತಲೆಯಲ್ಲಿದ್ದರೆ ಸಾಕಿತ್ತು. ಈಗ ಆ ತಲೆಗೆ ಅರವತ್ತೈದಾಗಿದೆ, ಅದೇ ತಾಪತ್ರಯ.

ಮೊನ್ನೆ ಶನಿವಾರ ಬೆಳಿಗ್ಗೆ ಲಟ್ರೀಸ್ ಬಂದಳು. ಆಗ ನಮ್ಮ ಕ್ಲಬ್ಬಿಗೆ ಬರುತ್ತಿದ್ದ ವರ್ನೀಟಾಳ ಮಗಳು. ತಾಯಿ ತೀರಿಕೊಂಡಾಗ ಇವಳಿಗೆ ಐದು ವರ್ಷ, ಈಗ ನಲವತ್ತು. ಸಿಟಿ ಬಸ್ ಓಡಿಸುತ್ತಾಳೆ. ನಿಮ್ಮಮ್ಮ ಒಂದೇ ಒಂದು ರೆಕಾರ್ಡಿಗೆ ಹಾಡಿದ್ದಳು, ಅದು ಕ್ಲಿಯೋಫಸ್ ಹತ್ತಿರ, ಅಂದರೆ ನನ್ನ ಹತ್ತಿರ, ಇದೆ ಅಂತ ಅವಳ ಅಜ್ಜಿ ಸಾಯುವ ಮುಂಚೆ ಹೇಳಿದ್ದರಂತೆ. ಮನೆಯಲ್ಲಿ ಫೋಟೋಗಳು ಬೇಕಾದಷ್ಟಿವೆ, ದನಿ ಮಾತ್ರ ಎಲ್ಲೂ ಇಲ್ಲವಂತೆ.

“ಮರೆತೇ ಹೋಗ್ತಿದೆ ಮಾಮ,” ಅಂದಳು. “ಇನ್ನೆರಡು ವರ್ಷ ಬಿಟ್ಟರೆ, ಕೇಳಿಸಿಕೊಂಡರೂ ಗುರುತು ಸಿಗಲ್ಲವೇನೋ ಅಂತ ಭಯ ಆಗತ್ತೆ.”

ನಾನು ಎದೆ ಉಬ್ಬಿಸಿಕೊಂಡು ಕೂತೆ. ವರ್ನೀಟಾಳ ದನಿ ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರುತ್ತೆ? ರೆಕಾರ್ಡನ್ನು ಅವಳೇ ತಂದುಕೊಟ್ಟಿದ್ದಳು. ಅವತ್ತೇ ಅದರ ಚೀಟಿ ಕೆರೆದು ಹಾಕಿದ್ದೆ, ಓದುವ ಗೋಜಿಗೂ ಹೋಗಿರಲಿಲ್ಲ. ಆಮೇಲೆ ಎರಡು ವರ್ಷ, ವಾರವಾರವೂ ಆ ಹಾಡಿಗೆ ಕ್ಲಬ್ಬಿಗೆ ಕ್ಲಬ್ಬೇ ಬೆವರಿಳಿಸಿ ಕುಣಿಯಿತು. ಅವಳು ನನ್ನ ಮಗ್ಗುಲಲ್ಲೇ ನಿಂತು ಕುಣಿಯುತ್ತಿದ್ದಳು. ಈ ವಯಸ್ಸಲ್ಲಿ ಮುಚ್ಚಿಡೋದೇನಿದೆ, ಅವಳೆಂದರೆ ನನಗೆ ಪ್ರಾಣ. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

ಹುಡುಕೋಕೆ ಕೂತರೆ ತಲೆ ಕೆಟ್ಟು ಕೆರ ಹಿಡಿಯಿತು. ಎಲ್ಲವೂ ಕರ್ರಗೆ, ಎಲ್ಲವೂ ಬೋಳು. ಇದೇ ಅಂತ ಮೊದಲು ಎತ್ತಿಕೊಂಡದ್ದರಲ್ಲಿ ಗಂಡಸು ಹಾಡುತ್ತಿದ್ದ. ಎರಡನೆಯದರಲ್ಲಿ ಹಾಡೇ ಇರಲಿಲ್ಲ, ಬರೀ ಡ್ರಮ್ಮು. ಹಾಕಿದ್ದನ್ನೇ ಮತ್ತೆ ಹಾಕಿ ಲಟ್ರೀಸಳ ಕೈಲಿ ಬೈಸಿಕೊಂಡೆ. ಕೇಳಿದ್ದು ಎಡಕ್ಕೆ, ಕೇಳದ್ದು ಬಲಕ್ಕೆ ಅಂತ ಅವಳು ಗುಡ್ಡೆ ಮಾಡಿಟ್ಟಳು. ಎಡ ಯಾವುದು, ಬಲ ಯಾವುದು ಅನ್ನುವುದರಲ್ಲೇ ನಾನು ಗೊಂದಲ ಮಾಡಿಕೊಂಡೆ. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ, ಕೊನೆಗೂ, ಸೂಜಿ ಇಳಿಸಿದ್ದೇ ತಡ ನನ್ನ ಮೈ ಜುಮ್ಮೆಂದಿತು. ಅದೇ! ಚುರುಕು ತಾಳ, ಅದರ ಮೇಲೆ ಗಿಣಿಯಂಥ ಸಣ್ಣ ದನಿ. ಮಂಡಿನೋವು ಮರೆತು ನಾಲ್ಕು ಹೆಜ್ಜೆ ಕುಣಿದುಬಿಟ್ಟೆ, ಕಣ್ಣಲ್ಲಿ ನೀರು.

ತಿರುಗಿ ನೋಡಿದರೆ ಲಟ್ರೀಸಳ ಮುಖ ಸಪ್ಪಗಾಗಿತ್ತು.

“ಇದು ನಮ್ಮಮ್ಮ ಅಲ್ಲ, ಮಾಮ.”

ನನಗೆ ರೇಗಿಹೋಯಿತು. ಐದು ವರ್ಷದ ಕೂಸಾಗಿದ್ದವಳು ನೀನು, ನಿನಗೇನು ಗೊತ್ತು ಅಂದೆ. ನನ್ನ ತಲೆ ಬಾಚುವಾಗ ಅಮ್ಮ ಹಾಡಿಕೊಳ್ಳುತ್ತಿದ್ದ ದನಿ ನನ್ನ ನೆತ್ತಿಗೆ ಗೊತ್ತು ಅಂದಳು ಅವಳು. ನೀವು ಬೇರೆ ಯಾರದೋ ರೆಕಾರ್ಡು ಇಟ್ಟುಕೊಂಡು ಜಂಬ ಕೊಚ್ಚುತ್ತಿದ್ದೀರಿ ಅಂತಲೂ ಅಂದಳು. ನಾನು ಸಿಟ್ಟಿನಲ್ಲಿ ರೆಕಾರ್ಡು ಯಂತ್ರದ ಸ್ವಿಚ್ಚು ಆರಿಸಿ, ಮೀನು ಕರಿಯುತ್ತೇನೆ ಅಂತ ಅಡುಗೆಮನೆಗೆ ಹತ್ತಿಬಂದೆ. ಬಾಣಲೆ ಇಟ್ಟು ಒಲೆ ಹಚ್ಚುವುದನ್ನೇ ಮರೆತೆ. ಅವಳು ಹೇಳಿದ್ದು ನಿಜವಾಗಿದ್ದರೆ? ಯಾವುದೋ ಹೆಂಗಸಿನ ಹಾಡನ್ನು ವರ್ನೀಟಾಳದ್ದು ಅಂದುಕೊಂಡು ಇಷ್ಟು ವರ್ಷ ಕಳೆದೆನೆ? ಯೋಚಿಸಿದಷ್ಟೂ ಬಗೆಹರಿಯಲಿಲ್ಲ.

ಆಗ ಕೆಳಗಿನಿಂದ ಒಂದು ಹಾಡು ಕೇಳಿಸಿತು. ನಾನೆಂದೂ ಕೇಳದ ಹಾಡು. ನಿಧಾನದ್ದು, ಜೋಗುಳದ ಹಾಗೆ. ದಪ್ಪ, ಬೆಚ್ಚನೆ ದನಿಯ ಹೆಂಗಸು. ಇದ್ಯಾವುದು ಸಿಕ್ಕಿತಪ್ಪಾ ಅಂತ ಮೆಟ್ಟಿಲಿಳಿದು ಬಂದೆ. ಯಂತ್ರದ ತಟ್ಟೆಯ ಮೇಲಿದ್ದದ್ದು ಅದೇ ರೆಕಾರ್ಡು, ನಾನು ಬಿಟ್ಟುಹೋದ ಹಾಗೇ. ಇನ್ನೊಮ್ಮೆ ಕೇಳೋಣ ಅಂತ ಲಟ್ರೀಸ್ ಸ್ವಿಚ್ಚು ಹಾಕಿದ್ದಾಳೆ. ಆರಿಸಿ ಹಚ್ಚಿದರೆ ಆ ಯಂತ್ರ ತಾನಾಗೇ ನಿಮಿಷಕ್ಕೆ ಮೂವತ್ತಮೂರು ಸುತ್ತಿಗೆ, ಅಂದರೆ ನಿಧಾನದ ಓಟಕ್ಕೆ, ಬಂದು ನಿಲ್ಲುತ್ತೆ. ನಾನು ಅದನ್ನು ಮೊದಲ ದಿನದಿಂದಲೂ ಹಾಕಿದ್ದು ನಲವತ್ತೈದರ ಜೋರು ಓಟದಲ್ಲಿ. ಯಾವ ಓಟ ಅಂತ ಬರೆದಿದ್ದ ಚೀಟಿಯನ್ನು ಓದದೆ ಕೆರೆದು ಹಾಕಿದವನಿಗೆ ಹೇಗೆ ತಿಳಿಯಬೇಕು? ಜೋರಾಗಿ ಓಡಿಸಿದರೆ ಅದು ಹೌಸ್ ತಾಳಕ್ಕೆ ಅಳತೆ ತೆಗೆದ ಹಾಗೆ ಕೂರುತ್ತಿತ್ತು. ನನಗೆ ಅನುಮಾನವೇ ಬರಲಿಲ್ಲ.

ಲಟ್ರೀಸ್ ಸ್ಪೀಕರಿಗೆ ನೆತ್ತಿ ಆನಿಸಿಕೊಂಡು ನೆಲದ ಮೇಲೆ ಕೂತಿದ್ದಳು. ಬಿಕ್ಕುತ್ತಿದ್ದಳು, ನಗುತ್ತಲೂ ಇದ್ದಳು. ಹಾಡು ಮುಗಿದ ಮೇಲೆ, ಇದು ಹೀಗಲ್ಲ ಅಂತ ಅಮ್ಮ ನಿಮಗೆ ಒಂದು ದಿನವೂ ಹೇಳಲಿಲ್ಲವಾ ಅಂತ ಕೇಳಿದಳು.

ಹೇಳಿರಬೇಕು. ಮೊದಲ ದಿನ ಕ್ಲಬ್ಬಿನಲ್ಲಿ ನಾನು ಅದನ್ನು ಹಾಕಿದಾಗ ವರ್ನೀಟಾ ಹೊಟ್ಟೆ ಹಿಡಿದುಕೊಂಡು ನಕ್ಕು, ನನ್ನ ಕಿವಿಗೆ ಬಾಯಿಟ್ಟು ಏನೋ ಕೂಗಿದ್ದಳು. ಆ ಗದ್ದಲದಲ್ಲಿ ಒಂದಕ್ಷರ ಕೇಳಿಸಲಿಲ್ಲ. ಖುಷಿಪಟ್ಟಳು ಅಂದುಕೊಂಡು ನಾನೂ ತಲೆಯಾಡಿಸಿದೆ. ನಾವು ಸೇರುತ್ತಿದ್ದದ್ದು ಅಲ್ಲೊಂದೇ ಕಡೆ, ಅಲ್ಲಿ ಯಾವತ್ತೂ ಅದೇ ಗದ್ದಲ. ಎರಡು ವರ್ಷ ನನ್ನ ಮಗ್ಗುಲಲ್ಲಿ ಕುಣಿದವಳ ಮಾತನ್ನು ನಾನು ಸರಿಯಾಗಿ ಕೇಳಿಯೇ ಇಲ್ಲ. ಹಾಗಾದರೆ ಇಷ್ಟು ವರ್ಷ ನನ್ನ ಕಿವಿಯಲ್ಲಿ ಇದ್ದವಳು ಯಾರು? ನಾನೂ ಲಟ್ರೀಸಳ ಪಕ್ಕ ನೆಲದ ಮೇಲೇ ಕೂತೆ.

“ನಿಮ್ಮಮ್ಮ ಮಾತಾಡೋದು ಹೇಗಿತ್ತಮ್ಮ?” ಅಂತ ಕೇಳಿದೆ.

ಲಟ್ರೀಸ್ ಮೂಗೊರೆಸಿಕೊಂಡಳು.

“ನಿಧಾನ, ಮಾಮ,” ಅಂದಳು. “ತುಂಬಾ ನಿಧಾನವಾಗಿ ಮಾತಾಡ್ತಿದ್ದಳು.”