ಎರಡು ಚೀಲದ ಇಳಿಜಾರು

“ಎರಡು ಚೀಲ ಸಿಮೆಂಟು ಸಲೀಸಾಗಿ ಹತ್ತಿತು, ಇವನೊಬ್ಬ ಹತ್ತಲ್ವಂತೆ! ಚೀಲಕ್ಕಾದ್ರೂ ಬಾಯಿರಲ್ಲ, ಇವನಿಗೆ ಅದೊಂದು ಜಾಸ್ತಿ.”

ಮೇಸ್ತ್ರಿ ಇಷ್ಟು ಹೇಳಿ ಸುತ್ತ ನಿಂತವರ ಮುಖ ನೋಡಿದ. ನಲವತ್ತು ಜನ ಗಾರೆಯವರು ಗೊಳ್ಳೆಂದು ನಕ್ಕರು. ನಗು ಬಂದು ನಕ್ಕವರು ಕಡಿಮೆ. ಮೇಸ್ತ್ರಿ ನೋಡುತ್ತಿದ್ದಾನಲ್ಲ ಎಂದು ನಕ್ಕವರೇ ಹೆಚ್ಚು. ಗಾರೆಯವರ ಸಂಘದ ಅಂಗಳದಲ್ಲಿ, ಹೊಸ ರ‍್ಯಾಂಪಿನ ಬುಡದಲ್ಲಿ, ಗಾಲಿಕುರ್ಚಿಯ ಮೇಲೆ ಕೂತಿದ್ದ ರಸಮಟ್ಟ ನಗಲಿಲ್ಲ. ಅವನ ಕಿವಿ ಕೆಂಪಾಯಿತು.

ರಸಮಟ್ಟ ಎಂಬುದು ಕೆಲಸದಲ್ಲಿ ಬಿದ್ದ ಹೆಸರು. ಗಾಜಿನ ಕೊಳವೆಯೊಳಗೆ ಗುಳ್ಳೆ ಓಡಾಡುವ ಆ ಮಟ್ಟದ ಪಟ್ಟಿಯನ್ನು ಅವನು ಜೇಬಿನಿಂದ ತೆಗೆಯುತ್ತಲೇ ಇರಲಿಲ್ಲ. ಗೋಡೆ ಒಂದು ನೂಲು ವಾಲಿದ್ದರೂ ಬರೀ ಕಣ್ಣಲ್ಲೇ ಹೇಳುತ್ತಿದ್ದ. ಕರಣೆ ಹಿಡಿಯುವುದನ್ನು ಕಲಿಸಿದವನು ಇದೇ ಮೇಸ್ತ್ರಿ, ಅವನ ಸ್ವಂತ ಸೋದರಮಾವ. ಮೂರು ವರ್ಷದ ಹಿಂದೆ, ಮೂರನೇ ಅಂತಸ್ತಿನ ಗೋಡೆಗೆ ಕಟ್ಟಿದ್ದ ಸಾರುವೆಯ ಮೇಲೆ ನಿಂತು “ಮಾವ, ಈ ಕಂಬ ವಾಲಿದೆ” ಎಂದಿದ್ದ. “ನೀನು ಗೋಡೆ ನೋಡು, ಕಂಬ ನಾನು ನೋಡ್ತೀನಿ” ಎಂದಿದ್ದ ಮಾವ. ಮಧ್ಯಾಹ್ನದ ಊಟಕ್ಕೆ ಮುಂಚೆ ಆ ಕಂಬಕ್ಕೆ ಬಿಗಿದ ಹಗ್ಗ ಜಾರಿತು, ಅವನು ಕೆಳಗೆ ಬಿದ್ದ. ಬೆನ್ನುಹುರಿಗೆ ಪೆಟ್ಟು ಬಿದ್ದು ಸೊಂಟದ ಕೆಳಗಿನ ಮೈ ಅವನದಲ್ಲದಂತಾಯಿತು. ಈಗ ಕೆಲವರ ಬಾಯಲ್ಲಿ ಅವನು ಬರೀ ‘ಗಾಡಿ’.

ಇವತ್ತು ರ‍್ಯಾಂಪಿನ ಉದ್ಘಾಟನೆ. ಹೊಸ ಹುಡುಗರಿಗೆ ಮನೆ ನಕ್ಷೆ ಓದುವುದನ್ನು ಕಲಿಸಲು ಸಂಘ ಒಬ್ಬನನ್ನು ಹುಡುಕುತ್ತಿತ್ತು. ಆಸ್ಪತ್ರೆಯ ಮಂಚದ ಮೇಲೆ ಎಂಟು ತಿಂಗಳು ಮಲಗಿದ್ದಾಗ ರಸಮಟ್ಟ ಮಾಡಿದ್ದು ಅದೊಂದೇ, ನಕ್ಷೆ ಓದುವುದು. ಅವನ ಹೆಸರು ಬಂದಾಗ ಸಮಿತಿ ಒಪ್ಪಿತು, ಒಂದು ಷರತ್ತು ಹಾಕಿತು: ದಿನಾ ತಾನೇ ಬಂದು ತಾನೇ ಹೋಗುವಂತಿರಬೇಕು. ಆ ಸಾಲು ಬರೆಸಿದವನು ಸಂಘದ ಅಧ್ಯಕ್ಷ, ಅಂದರೆ ಮಾವ. ರ‍್ಯಾಂಪನ್ನು ತಾನೇ ನಿಂತು ಕಟ್ಟಿಸಿದವನೂ ಅವನೇ. ಅಲ್ಲಿಂದ ಬಂದ ಮೇಲೆ ಎರಡು ವರ್ಷಕ್ಕೂ ಹೆಚ್ಚು ಮನೆ ಎಂಬ ಒಂದು ಕೋಣೆಯಲ್ಲಿ ಕಿಟಕಿ, ಗೋಡೆ, ಅಕ್ಕನ ಹೊಲಿಗೆ ಯಂತ್ರ ಇಷ್ಟನ್ನೇ ನೋಡಿದವನಿಗೆ ಆ ನಕ್ಷೆಯ ಮೇಜು ಎಂದರೆ ಮತ್ತೆ ಮನುಷ್ಯರ ನಡುವೆ ಕೂರುವ ಜಾಗ. ತೆರೆದ ಬಾಗಿಲಿನೊಳಗೆ ಆ ಮೇಜು ಇಲ್ಲಿಗೇ ಕಾಣುತ್ತಿತ್ತು.

ಅವನು ಬೆಳಿಗ್ಗೆಯಿಂದ ಒಂದು ಗುಟುಕು ನೀರು ಕುಡಿದಿರಲಿಲ್ಲ. ಸಂಘದ ಪಾಯಿಖಾನೆಯ ಬಾಗಿಲಿಗೆ ಅವನ ಕುರ್ಚಿ ಹಿಡಿಸುವುದಿಲ್ಲ. ಅದನ್ನು ಇನ್ನೊಂದು ದಿನ ಹೇಳೋಣ ಎಂದುಕೊಂಡು ಬಂದಿದ್ದ. ಆದರೆ ಗೇಟು ದಾಟುತ್ತಲೇ ಅವನ ಕಣ್ಣು ರ‍್ಯಾಂಪನ್ನು ಅಳೆದುಬಿಟ್ಟಿತು. ಎರಡಡಿ ಎತ್ತರಕ್ಕೆ ಎಂಟಡಿ ಉದ್ದ. ಸಾಲದ್ದಕ್ಕೆ ಮೇಲೆಲ್ಲ ಸಿಮೆಂಟಿನ ಹಾಲು ಹೊಯ್ದು, ಕರಣೆಯಿಂದ ತಿಕ್ಕಿ ತಿಕ್ಕಿ, ಮುಖ ಕಾಣುವಷ್ಟು ನುಣುಪು ಮಾಡಿದ್ದರು.

“ಮಾವ, ಇದು ಕೈಗಾಡಿ ಹಲಗೆಯ ಅಳತೆ,” ಎಂದಿದ್ದ. “ಸಿಮೆಂಟು ಹತ್ತಿಸೋಕೆ ಹಾಕ್ತೀವಲ್ಲ, ಅದೇ. ಅದಕ್ಕೆ ಹಿಂದೆ ತಳ್ಳೋನು ಒಬ್ಬ ಇರ್ತಾನೆ. ನನಗೆ ಹಿಂದೆ ಯಾರೂ ಇರಬಾರದಲ್ಲ?”

ಅದಕ್ಕೆ ಬಂದ ಉತ್ತರವೇ ಆ ಚೀಲದ ಮಾತು.

“ನಿನ್ನೆ ಸಂಜೆ ನಾನೇ ಹತ್ತಿಸಿ ನೋಡಿದೆ,” ಮೇಸ್ತ್ರಿ ಮುಂದುವರಿಸಿದ. “ಕೈಗಾಡಿಯಲ್ಲಿ ಎರಡು ಚೀಲ. ಇವನು ಎರಡು ಚೀಲದ ತೂಕ ಇದ್ದಾನಾ? ಬಾಂಡ್ಲಿ, ನೀನೇ ಹೇಳೋ.”

ಬಾಂಡ್ಲಿ ಅಂದರೆ ತಲೆಯ ಮೇಲೆ ಗಾರೆಯ ಬಾಣಲಿ ಇಟ್ಟುಕೊಂಡೇ ಊಟ ಮಾಡಬಲ್ಲ ಎಂದು ಹೆಸರು ಪಡೆದವನು. ರಸಮಟ್ಟನ ಜೊತೆ ಆರು ವರ್ಷ ಕೆಲಸ ಮಾಡಿದವನು. “ಒಂದು ಚೀಲ ಇರಬಹುದು ಮೇಸ್ತ್ರಿ. ಅದೂ ಹರಿದದ್ದು,” ಎಂದ. ಮತ್ತೆ ನಗು.

ಹಿಂದೆ ನಿಂತಿದ್ದ ಅಕ್ಕ ತಗ್ಗಿದ ದನಿಯಲ್ಲಿ, “ಮನೆಗೆ ಹೋಗೋಣ ಬಾರೋ,” ಎಂದಳು.

“ಕೈ ತೆಗಿ ಅಕ್ಕ. ಹತ್ತಿ ತೋರಿಸ್ತೀನಿ.”

ಕೋಪದ ಕೈಗೆ ಬುದ್ಧಿ ಕೊಟ್ಟ. ಚಕ್ರಗಳನ್ನು ಬಿಗಿಯಾಗಿ ಹಿಡಿದು, ಮುಂದಕ್ಕೆ ಬಾಗಿ, ಒಂದೇ ಉಸಿರಿಗೆ ನೂಕಿದ. ಮೂರಡಿ ಹೋದ. ನಾಲ್ಕನೆಯ ಅಡಿಯಲ್ಲಿ ಚಕ್ರ ನುಣುಪಿನ ಮೇಲೆ ಜಾರಿತು, ಮುಂದಿನ ಪುಟ್ಟ ಗಾಲಿಗಳು ಗಾಳಿಗೆ ಎದ್ದವು, ಆಕಾಶ ಕಣ್ಣೆದುರಿಗೆ ಬಂತು. ಅಕ್ಕ ಓಡಿ ಬಂದು ಹಿಂದಿನಿಂದ ಹಿಡಿಯದಿದ್ದರೆ ತಲೆ ಹಿಂದಕ್ಕೆ ಅಪ್ಪಳಿಸುತ್ತಿತ್ತು.

“ಹಿಡೀರೋ, ಹಿಡೀರಿ!” ಎಂದು ಮೇಸ್ತ್ರಿ ಕೂಗಿದ. ನಾಲ್ಕು ಜನ ನುಗ್ಗಿ ಕುರ್ಚಿಯ ನಾಲ್ಕು ಮೂಲೆ ಹಿಡಿದು ಎತ್ತಿಕೊಂಡು ರ‍್ಯಾಂಪು ಹತ್ತತೊಡಗಿದರು. “ಬಿಡ್ರಿ, ಕೆಳಗಿಡ್ರಿ!” ಎಂದು ಅವನು ಅರಚಿದ. ಯಾರಿಗೂ ಕೇಳಲಿಲ್ಲ, ಕೇಳಿದವರೂ ಬಿಡಲಿಲ್ಲ. ಮೇಲೆ ಬಾಗಿಲಲ್ಲಿ ರಿಬ್ಬನ್ ಹಿಡಿದಿದ್ದವನು ಚಪ್ಪಾಳೆಯನ್ನೂ ಶುರುಮಾಡಿದ್ದ.

“ಕಾಲು! ಅವನ ಕಾಲು ನೋಡ್ರಿ!” ಎಂದು ಅಕ್ಕ ಕಿರುಚಿದ ಮೇಲೆಯೇ ಎಲ್ಲರೂ ನಿಂತದ್ದು.

ಬಲಗಾಲು ಪಾದದ ಹಲಗೆಯಿಂದ ಜಾರಿ, ಚಪ್ಪಲಿ ಎಲ್ಲೋ ಬಿದ್ದು, ಬೆರಳುಗಳು ರ‍್ಯಾಂಪಿನ ಅಂಚಿಗೆ ಉಜ್ಜಿಕೊಂಡು ಬಂದಿದ್ದವು. ಮುಖ ಕಾಣುವ ಆ ಸಿಮೆಂಟಿನ ಮೇಲೆ ಒಂದು ಗೇಣು ಉದ್ದದ ರಕ್ತದ ಗೀಟು. ರಸಮಟ್ಟ ಅದನ್ನು ಬೇರೆ ಯಾರದೋ ಕಾಲಿನದು ಎಂಬಂತೆ ನೋಡಿದ. ನೋವೇ ಇರಲಿಲ್ಲ. ಅದೇ ಅವನಿಗೆ ತಡೆಯಲಾಗದ್ದು.

ನಾಲ್ವರೂ ಅವನನ್ನು ಮೆಲ್ಲಗೆ ಕೆಳಗೆ ತಂದಿಟ್ಟರು. ಅಕ್ಕ ದುಪಟ್ಟಾದ ತುದಿ ಹರಿದು ಬೆರಳಿಗೆ ಸುತ್ತಿದಳು. ಮೇಸ್ತ್ರಿ ಒಂದು ಸಲ ಆ ಕಾಲು ನೋಡಿ ಮುಖ ತಿರುಗಿಸಿದ. ಮತ್ತೆ ಮಾತಾಡಿದಾಗ ದನಿ ಮೊದಲಿಗಿಂತ ಜೋರಾಗಿತ್ತು.

“ನೋಡಿದ್ರಲ್ಲ? ತಾನೇ ಬರಬೇಕು ಅಂತ ಬರೆದಿದೆ. ಇವನ ಕೈಲಿ ಆಗಲ್ಲ. ನಾನೇನು ಮಾಡ್ಲಿ?”

“ಮಾವ,” ಎಂದ ರಸಮಟ್ಟ. ನಾಲಿಗೆ ಒಣಗಿತ್ತು. “ಅವತ್ತು ಕಂಬ ವಾಲಿದೆ ಅಂದೆ. ಇವತ್ತು ಇಳಿಜಾರು ಕಡಿದಾಗಿದೆ ಅಂದೆ. ಎರಡು ಸಲವೂ ನಾನು ಸರಿ ಹೇಳಿದ್ದೆ.”

ನಗುವುದಕ್ಕೆ ತಯಾರಾಗಿದ್ದವರು ನೆಲ ನೋಡಿದರು.

“ಮೂವತ್ತು ವರ್ಷ ಕರಣೆ ಹಿಡಿದವನಿಗೆ ಇಳಿಜಾರು ಕಲಿಸೋಕೆ ಬಂದ್ಯೇನೋ?” ಎಂದ ಮೇಸ್ತ್ರಿ. ಆದರೆ ಆ ಮಾತಿನಲ್ಲಿ ಸಿಮೆಂಟು ಕಡಿಮೆಯಾಗಿ ಬರೀ ಮರಳು ಉಳಿದಿತ್ತು.

ರಸಮಟ್ಟ ಬಾಂಡ್ಲಿಯ ಕಡೆ ತಿರುಗಿದ. “ಆ ಮೂಲೇಲಿ ಸುಣ್ಣದ ಪುಡಿ ಇದೆಯಲ್ಲ, ಪಾಯಕ್ಕೆ ಗೆರೆ ಹಾಕೋದು. ಒಂದು ಸಣ್ಣ ಚೀಲದಲ್ಲಿ ತುಂಬಿ ಕೊಡು.”

ಬಾಂಡ್ಲಿ ತಮಾಷೆ ಮಾಡಲಿಲ್ಲ. ತಂದುಕೊಟ್ಟ. ರಸಮಟ್ಟ ಕಿವಿಯ ಸಂದಿನಿಂದ ಪೆನ್ಸಿಲ್ ತೆಗೆದು ಪ್ಲಾಸ್ಟಿಕ್ ಚೀಲದ ತಳಕ್ಕೆ ತೂತು ಮಾಡಿ, ಕುರ್ಚಿಯ ಕೈಗೆ ಕಟ್ಟಿದ. ಚಕ್ರದ ಮೇಲೆ ಅವನು ಕಟ್ಟಿಕೊಂಡ ಕೆಂಪು ದಾರ ಒಂದಿತ್ತು. ಅದು ಒಂದು ಸುತ್ತು ಬಂದರೆ ಆರೂಕಾಲು ಅಡಿ. ರ‍್ಯಾಂಪಿನ ಬುಡದಿಂದ ಅಂಗಳದೊಳಕ್ಕೆ ನೇರವಾಗಿ ಹೊರಟ. ಗಾಲಿಕುರ್ಚಿಗೆ ಒಂದಡಿ ಎತ್ತರಕ್ಕೆ ಹನ್ನೆರಡಡಿ ಉದ್ದದ ಲೆಕ್ಕ; ಎರಡಡಿಗೆ ಇಪ್ಪತ್ತನಾಲ್ಕು ಬೇಕು, ಎಂಟು ಇದೆ, ಹದಿನಾರು ಬಾಕಿ. ಸುಣ್ಣ ಸಣ್ಣಗೆ ಸುರಿಯುತ್ತಾ ಬಂತು. ಒಂದು ಸುತ್ತು. ಎರಡು ಸುತ್ತು. ಕುರ್ಚಿ ಕಲ್ಲುಬೆಂಚಿಗೆ ತಾಗಿ ನಿಂತಿತು.

ಅದು ಮೇಸ್ತ್ರಿಯ ಬೆಂಚು. ಇಪ್ಪತ್ತು ವರ್ಷದ ಹಿಂದೆ ಅವನೇ ಕಟ್ಟಿದ್ದು. ದಿನಾ ಸಂಜೆ ಅದರ ಮೇಲೆ ಕೂತೇ ಸಂಘದ ಜಗಳಗಳನ್ನೆಲ್ಲ ತೀರ್ಮಾನಿಸುತ್ತಿದ್ದ.

ರಸಮಟ್ಟ ತೂತನ್ನು ಬೆರಳಿನಿಂದ ಮುಚ್ಚಿ, ಬೆಂಚನ್ನು ಬಳಸಿ ಆಚೆ ಬದಿಗೆ ಬಂದು, ಅದರ ಅಗಲವನ್ನು ಕಣ್ಣಲ್ಲೇ ಕಳೆದು, ಮತ್ತೆ ಸುಣ್ಣ ಬಿಟ್ಟ. ಉಳಿದದ್ದು ಸ್ವಲ್ಪವೇ. ಹದಿನಾರನೇ ಅಡಿಗೆ ನಿಂತು ಕುರ್ಚಿಯನ್ನು ಅಡ್ಡ ತಿರುಗಿಸಿ ಒಂದು ಗೆರೆ ಎಳೆದ.

ಯಾರೋ ಅಳತೆಪಟ್ಟಿ ಬಿಚ್ಚಿದ ಸದ್ದಾಯಿತು. ಬಾಂಡ್ಲಿ ನೆಲಕ್ಕೆ ಕೂತು ಒಂದು ತುದಿ ಹಿಡಿದಿದ್ದ. “ಹದಿನಾರು,” ಎಂದ ಯಾರಿಗೂ ಹೇಳದ ಹಾಗೆ. “ಒಂದು ನೂಲೂ ಆಚೀಚೆ ಇಲ್ಲ.”

“ಏಯ್, ನನ್ನ ಬೆಂಚು ಒಡೀಬೇಕೇನೋ?” ಮೇಸ್ತ್ರಿ ದಾಪುಗಾಲು ಹಾಕಿ ಬಂದ. ಬೆಂಚಿನ ಈಚೆ ಬಿಳಿ ಗೆರೆ, ಆಚೆ ಬಿಳಿ ಗೆರೆ, ನಡುವೆ ಅವನು. “ಅವತ್ತಿಂದ ನನ್ನ ಮುಖ ನೋಡಿದ್ದೀಯಾ ನೀನು? ನಾನು ಆಸ್ಪತ್ರೆಗೆ ಬಂದೆ, ನೀನು ಗೋಡೆ ಕಡೆ ತಿರುಗಿದೆ. ಮನೆಗೆ ಬಂದೆ, ನಿದ್ದೆ ಬಂದ ಹಾಗೆ ಮಾಡಿದೆ. ಇದನ್ನ ನನ್ನ ಕೈಯಾರೆ ತಿಕ್ಕಿದ್ದೀನಿ ಕಣೋ, ನೀನು ಹತ್ತಲಿ ಅಂತ! ಇನ್ನೂ ಏನು ಬೇಕೋ ನಿಂಗೆ ನನ್ನಿಂದ?”

ಕೊನೆಯ ಮಾತಿಗೆ ದನಿ ಒಡೆಯಿತು. ನಲವತ್ತು ಜನ ಕಾಯುತ್ತಿದ್ದರು. ಅಕ್ಕ ಕಾಯುತ್ತಿದ್ದಳು.

ರಸಮಟ್ಟ ಚೀಲ ಬಿಚ್ಚಿ, ತೂತಿಗೆ ಗಂಟು ಹಾಕಿ, ಬೆಂಚಿನ ಮೇಲಿಟ್ಟ. ಕೈಯ ಸುಣ್ಣವನ್ನು ಪ್ಯಾಂಟಿಗೆ ಒರೆಸಿಕೊಂಡ. ಅಕ್ಕ ಹಿಂದೆ ಬಂದು ಕುರ್ಚಿಗೆ ಕೈ ಹಾಕಲು ಹೋದವಳು ಏನನ್ನಿಸಿತೋ, ಕೈ ಹಿಂದಕ್ಕೆ ತೆಗೆದು ಪಕ್ಕಕ್ಕೆ ಬಂದಳು. ಅವನು ಚಕ್ರ ತಿರುಗಿಸಿದ. ಗೇಟಿನವರೆಗೂ ಕೆಂಪು ದಾರ ಮೇಲೆ ಬಂತು, ಕೆಳಗೆ ಹೋಯಿತು, ಮೇಲೆ ಬಂತು.

“ಹೇಳೋ!” ಎಂದು ಹಿಂದಿನಿಂದ ಮಾವ ಕೂಗಿದ.

ಅವನು ಆಗಲೇ ರಸ್ತೆಯಲ್ಲಿದ್ದ.